ಎದೆಯಲ್ಲಿ ಗಡ್ಡೆ ಇರುವ ವಯಸ್ಸಾದ ಮೊಲ: ಮೊದಲು ಉಸಿರು ಎಣಿಸಿ

ಪ್ರಶ್ನೆ: ಡಾಕ್ಟರೇ, ನಮ್ಮ ಮನೆಯ ಮೊಲ ಗುಂಡನಿಗೆ ಈಗ ಎಂಟೂವರೆ ವರ್ಷ. ಗಂಡು. ಚಿಕ್ಕಂದಿನಲ್ಲೇ ಸಂತಾನಹರಣದ ಆಪರೇಷನ್ ಆಗಿದೆ. ತೂಕ ಎರಡು ಕಿಲೋ ಚಿಲ್ಲರೆ. ಸುಮಾರು ಎರಡು ತಿಂಗಳಿಂದ, ತಲೆ ತಗ್ಗಿಸಿ ತಿನ್ನುವಾಗ ಅವನ ಎರಡೂ ಕಣ್ಣು ಹೊರಗೆ ಉಬ್ಬಿ ಬಂದಂತೆ ಕಾಣುತ್ತಿದ್ದವು. ತಲೆ ಎತ್ತಿದರೆ ಸರಿಹೋಗುತ್ತಿತ್ತು. ವಯಸ್ಸಾಯಿತು, ಅದಕ್ಕೇ ಇರಬೇಕು ಅಂದುಕೊಂಡು ಸುಮ್ಮನಿದ್ದೆವು. ಕಳೆದ ವಾರ ಸ್ವಲ್ಪ ಓಡಾಡಿದ್ದಕ್ಕೇ ಉಸಿರು ಜೋರಾಯಿತು. ಎಕ್ಸ್-ರೇಯಲ್ಲಿ ಹೃದಯದ ಮುಂದೆ ಗಡ್ಡೆ ಕಾಣಿಸಿದೆ. ಥೈಮೋಮಾ ಇರಬಹುದು, ಸೂಜಿ ಹಾಕಿ ನೋಡೋಣ, ಆಮೇಲೆ ರೇಡಿಯೇಷನ್ ಅಥವಾ ಮಾತ್ರೆ ಎಂದು ನಮ್ಮ ಡಾಕ್ಟರ್ ಹೇಳಿದ್ದಾರೆ. ಸೂಜಿ ಚುಚ್ಚಿದರೆ ಗಡ್ಡೆ ಕೆರಳಿ ಹರಡುತ್ತದೆ ಎಂದು ಅತ್ತೆಗೆ ಭಯ. ಈ ವಯಸ್ಸಲ್ಲಿ ಯಾಕೆ ಹಿಂಸೆ, ಇಂಜೆಕ್ಷನ್ ಕೊಡಿಸಿ ಕಳಿಸಿಬಿಡಿ ಎನ್ನುವವರೂ ಇದ್ದಾರೆ. ಅವನು ಮಾತ್ರ ಬೆಳಗ್ಗೆ ಎಂದಿನಂತೆ ನನ್ನ ಕಾಲಿಗೆ ಸುತ್ತು ಹಾಕಿ ಊಟ ಕೇಳುತ್ತಾನೆ. ಜೊತೆಗಾತಿ ಪುಟ್ಟಿಗೂ ಇದು ಅಂಟುತ್ತದೆಯೇ? ನಾವು ಏನಾದರೂ ತಪ್ಪು ತಿನ್ನಿಸಿ ಹೀಗಾಯಿತೇ? ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಮಾತು "ಕಾಲಿಗೆ ಸುತ್ತು ಹಾಕಿ ಊಟ ಕೇಳುತ್ತಾನೆ" ಎಂಬುದು. ಗಡ್ಡೆ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಮನೆಯಲ್ಲಿ ಎಲ್ಲರಿಗೂ ಆತುರ ಶುರುವಾಗುತ್ತದೆ. ಇವತ್ತೇ ನಿರ್ಧಾರ ಮಾಡಬೇಕು, ಇಲ್ಲದಿದ್ದರೆ ಕೈಮೀರುತ್ತದೆ ಅನ್ನಿಸುತ್ತದೆ. ಆದರೆ ಹಸಿವು ಇರುವ, ಸರಿಯಾಗಿ ಹಿಕ್ಕೆ ಹಾಕುವ, ಮಲಗಿದಾಗ ನೆಮ್ಮದಿಯಿಂದ ಉಸಿರಾಡುವ ಮೊಲ ನಿಮಗೆ ಯೋಚಿಸಲು ಕೆಲವು ದಿನ ಕೊಡುತ್ತದೆ. ಆ ದಿನಗಳನ್ನು ಬರೀ ಚಿಂತೆಯಲ್ಲಿ ಕಳೆಯಬೇಡಿ. ನಾನೊಂದು ಕೆಲಸ ಕೊಡುತ್ತೇನೆ, ಇವತ್ತಿಂದಲೇ ಶುರು ಮಾಡಿ.

ಗುಂಡ ಹಾಯಾಗಿ ಮಲಗಿರುವಾಗ ಮುಟ್ಟದೆ, ಸ್ವಲ್ಪ ದೂರದಿಂದ ಅವನ ಪಕ್ಕೆ ನೋಡಿ. ಪಕ್ಕೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿ. ಮೂಗು ನೋಡಿ ಎಣಿಸಬೇಡಿ. ಮೊಲದ ಮೂಗು ತನ್ನ ಪಾಡಿಗೆ ಮಿಡಿಯುತ್ತಲೇ ಇರುತ್ತದೆ, ಅದರಿಂದ ಲೆಕ್ಕ ತಪ್ಪುತ್ತದೆ. ಕಣ್ಣಿಗೆ ಕಷ್ಟವಾದರೆ ಮೊಬೈಲಿನಲ್ಲಿ ವಿಡಿಯೋ ತೆಗೆದು ನಿಧಾನಕ್ಕೆ ಓಡಿಸಿ ಎಣಿಸಿ. ವಿಶ್ರಾಂತಿಯಲ್ಲಿರುವ ಮೊಲ ನಿಮಿಷಕ್ಕೆ ಸುಮಾರು 30ರಿಂದ 60 ಸಲ ಉಸಿರಾಡುತ್ತದೆ. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಎಣಿಸಿ ಒಂದು ಪುಸ್ತಕದಲ್ಲಿ ಬರೆದಿಡಿ. ಮೂರು ದಿನಕ್ಕೆ ಗುಂಡನ ಮಾಮೂಲಿ ಸಂಖ್ಯೆ ಎಷ್ಟು ಎಂಬುದು ಗೊತ್ತಾಗುತ್ತದೆ. ಮುಂದೆ ಯಾವ ಚಿಕಿತ್ಸೆ ಹಿಡಿದರೂ ಅದು ಫಲ ಕೊಡುತ್ತಿದೆಯೋ ಇಲ್ಲವೋ ಎಂಬುದನ್ನು ನಿಮಗೆ ಮೊದಲು ಹೇಳುವುದು ಈ ಪುಸ್ತಕ. ಎಕ್ಸ್-ರೇ ಆಮೇಲೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮೊಲ ಬೇಟೆಗೆ ಸಿಗುವ ಪ್ರಾಣಿ. ಸುಸ್ತು, ನೋವು ತೋರಿಸಿಕೊಂಡರೆ ಕಾಡಿನಲ್ಲಿ ಉಳಿಗಾಲ ಇಲ್ಲ. ಮನೆಯಲ್ಲಿ ಬೆಳೆದರೂ ಆ ಸ್ವಭಾವ ಹೋಗುವುದಿಲ್ಲ. ನಾಯಿಯಾದರೆ ಏದುಸಿರು ಬಿಟ್ಟು ನಿಮ್ಮ ಮುಂದೆ ಬಂದು ಕೂರುತ್ತದೆ. ಮೊಲ ಓಡಾಟ ಕಡಿಮೆ ಮಾಡಿ ಮೂಲೆ ಹಿಡಿಯುತ್ತದೆ ಅಷ್ಟೇ. ನಾವು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕುತ್ತೇವೆ. ನೀವೂ ಹಾಗೇ ಅಂದುಕೊಂಡಿರಿ ಎಂದು ಬೇಸರ ಪಟ್ಟುಕೊಳ್ಳಬೇಡಿ. ನನ್ನ ಹತ್ತಿರ ಬರುವ ಇಂಥ ಮೊಲಗಳಲ್ಲಿ ಹೆಚ್ಚಿನವು ಹೀಗೇ, ತಿಂಗಳೆರಡು ತಿಂಗಳು ಕಳೆದ ಮೇಲೆ ಬಂದವು.

ಕಣ್ಣಿಗೂ ಎದೆಗೂ ಏನು ಸಂಬಂಧ?

ನಿಮ್ಮ ಪತ್ರದಲ್ಲಿ ರೋಗದ ಗುರುತು ಇರುವುದೇ ಆ ಕಣ್ಣಿನ ಸಾಲಿನಲ್ಲಿ. ಎದೆಗೂಡಿನ ಒಳಗೆ, ಹೃದಯಕ್ಕೂ ಕತ್ತಿಗೂ ನಡುವೆ ಥೈಮಸ್ ಎಂಬ ಗ್ರಂಥಿ ಇರುತ್ತದೆ. ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು ಪಳಗುವುದು ಅಲ್ಲೇ. ಮನುಷ್ಯರಲ್ಲಿ ಪ್ರಾಯಕ್ಕೆ ಬಂದ ಮೇಲೆ ಇದು ಕುಗ್ಗುತ್ತಾ ಹೋಗಿ ಬಹುಪಾಲು ಕೊಬ್ಬಾಗುತ್ತದೆ. ಮೊಲದಲ್ಲಿ ಹಾಗಲ್ಲ, ಬದುಕಿನುದ್ದಕ್ಕೂ ದೊಡ್ಡದಾಗಿಯೇ ಉಳಿಯುತ್ತದೆ. ಈ ಗ್ರಂಥಿಯ ಜೀವಕೋಶಗಳು ಹದ ತಪ್ಪಿ ಬೆಳೆದರೆ ಆಗುವ ಗಡ್ಡೆಯೇ ಥೈಮೋಮಾ.

ಮೊಲದ ಎದೆಗೂಡು ಅದರ ಹೊಟ್ಟೆಗೆ ಹೋಲಿಸಿದರೆ ತೀರಾ ಚಿಕ್ಕದು. ಅದರಲ್ಲಿ ನಿಂಬೆಕಾಯಿ ಗಾತ್ರದ ಗಡ್ಡೆ ಕೂತರೆ ಶ್ವಾಸಕೋಶ ಹಿಗ್ಗಲು ಜಾಗ ಎಲ್ಲಿ? ಗಡ್ಡೆ ಹೃದಯವನ್ನು ಹಿಂದಕ್ಕೆ ತಳ್ಳುತ್ತದೆ, ಗಾಳಿಯ ಕೊಳವೆಯನ್ನು ಮೇಲಕ್ಕೆ ಎತ್ತುತ್ತದೆ. ತಲೆ, ಕತ್ತು, ಮುಂಗಾಲುಗಳಿಂದ ಹೃದಯಕ್ಕೆ ರಕ್ತ ಮರಳುವ ದೊಡ್ಡ ನಾಳಗಳನ್ನೂ ಅದುಮುತ್ತದೆ. ಮರಳಬೇಕಾದ ರಕ್ತ ತಲೆಯಲ್ಲೇ ತಡೆದು ನಿಲ್ಲುತ್ತದೆ. ಮೊಲದ ಕಣ್ಣಿನ ಹಿಂದೆ ರಕ್ತ ತುಂಬಿಕೊಳ್ಳುವ ದೊಡ್ಡ ಜಾಲ ಇದೆ. ತಲೆ ತಗ್ಗಿಸಿದಾಗ ಆ ಜಾಲ ತುಂಬಿ ಕಣ್ಣುಗುಡ್ಡೆಯನ್ನು ಮುಂದಕ್ಕೆ ತಳ್ಳುತ್ತದೆ. ತಲೆ ಎತ್ತಿದರೆ ರಕ್ತ ಇಳಿದು ಕಣ್ಣು ಒಳಗೆ ಸರಿಯುತ್ತದೆ. ನೀವು ನೋಡಿದ್ದು ಇದನ್ನೇ. ಕೆಲವು ಮೊಲಗಳಲ್ಲಿ ಕಣ್ಣಿನ ಒಳಮೂಲೆಯಿಂದ ಗುಲಾಬಿ ಬಣ್ಣದ ಮೂರನೇ ರೆಪ್ಪೆ ಹೊರಗೆ ಇಣುಕುವುದೂ ಉಂಟು. ಗಲ್ಲ, ಕತ್ತು, ಮುಂಗಾಲು ಊದಿಕೊಳ್ಳುವುದೂ ಉಂಟು.

ಮೊಲ ಸಾಕಿದವರೆಲ್ಲ ಒಂದು ವಿಷಯ ನೆನಪಿಡಲಿ ಎಂದು ನನ್ನ ಆಸೆ. ಒಂದೇ ಕಣ್ಣು ಉಬ್ಬಿದ್ದರೆ ಹಲ್ಲಿನ ಬೇರಿನ ಕೀವು ಕಣ್ಣಿನ ಹಿಂದೆ ಸೇರಿದೆಯೇ ಎಂದು ಮೊದಲು ನೋಡುತ್ತೇವೆ. ಎರಡೂ ಕಣ್ಣು ಉಬ್ಬಿದ್ದರೆ ಎದೆಯನ್ನು ನೋಡಬೇಕು.

ಇದು ಯಾರ ತಪ್ಪು?

ಯಾರದ್ದೂ ಅಲ್ಲ. ಇಂಥ ಆಹಾರ ಕೊಟ್ಟರೆ ಥೈಮೋಮಾ ಬರುತ್ತದೆ ಎಂದು ತೋರಿಸಿಕೊಟ್ಟವರಿಲ್ಲ. ಹುಲ್ಲು ಬದಲಾಯಿಸಿದ್ದು, ಹಣ್ಣಿನ ಚೂರು ಕೊಟ್ಟದ್ದು, ಎತ್ತಿಕೊಳ್ಳುವಾಗ ಒಮ್ಮೆ ಕೈಜಾರಿದ್ದು, ಇವುಗಳಿಗೂ ಇದಕ್ಕೂ ಸಂಬಂಧ ಇಲ್ಲ. ಮಧ್ಯವಯಸ್ಸು ದಾಟಿದ ಮೊಲಗಳಲ್ಲಿ ಇದು ಜಾಸ್ತಿ ಕಾಣುತ್ತದೆ. ಅಂಟುರೋಗವೂ ಅಲ್ಲ. ಪುಟ್ಟಿ ಅವನ ಮೈ ನೆಕ್ಕಲಿ, ಒಂದೇ ತಟ್ಟೆಯಲ್ಲಿ ತಿನ್ನಲಿ, ಒತ್ತಿಕೊಂಡು ಮಲಗಲಿ. ಬೇರೆ ಮಾಡಿದರೆ ಇಬ್ಬರಿಗೂ ಹಿಂಸೆ, ಗುಂಡನ ಊಟ ಇನ್ನೂ ಕಡಿಮೆಯಾಗುತ್ತದೆ.

ಪುಟ್ಟಿಯ ಬಗ್ಗೆ ನಾನೇ ಒಂದು ಪ್ರಶ್ನೆ ಕೇಳಬೇಕು. ಅವಳಿಗೆ ಗರ್ಭಕೋಶ ತೆಗೆಯುವ ಆಪರೇಷನ್ ಆಗಿದೆಯೇ? ಆಪರೇಷನ್ ಆಗದ, ನಾಲ್ಕು ವರ್ಷ ದಾಟಿದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ತುಂಬಾ ಸಾಮಾನ್ಯ. ಅದು ಶ್ವಾಸಕೋಶಕ್ಕೂ ಹರಡುತ್ತದೆ. ಗುಂಡನ ಕಾಯಿಲೆ ಅವಳಿಗೆ ಅಂಟುವುದಿಲ್ಲ, ಆದರೆ ಅವಳದ್ದೇ ಆದ ಈ ಅಪಾಯವನ್ನು ಮರೆಯಬೇಡಿ. ಮುಂದಿನ ಸಲ ಹೋದಾಗ ಅವಳನ್ನೂ ತೋರಿಸಿ.

ಸೂಜಿ ಹಾಕಿಸಬೇಕೇ?

ಅತ್ತೆಯವರ ಭಯ ಅವರೊಬ್ಬರದ್ದೇ ಅಲ್ಲ. "ಗಡ್ಡೆ ಮುಟ್ಟಬಾರದು, ಮುಟ್ಟಿದರೆ ಕೆರಳುತ್ತದೆ" ಎಂಬ ಮಾತು ಮನುಷ್ಯರ ಗಡ್ಡೆಯ ವಿಷಯದಲ್ಲೂ ಕೇಳಿಬರುತ್ತದೆ ಅಲ್ವಾ? ಸೂಜಿಯ ದಾರಿಯಲ್ಲಿ ಗಡ್ಡೆಯ ಕಣಗಳು ಹರಡುವುದು ತೀರಾ ಅಪರೂಪ. ಥೈಮೋಮಾ ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುವ ಗಡ್ಡೆ, ದೂರದ ಅಂಗಗಳಿಗೆ ಹರಡುವುದೂ ಅಪರೂಪ. ಅದು ಕೊಡುವ ತೊಂದರೆ ಮುಖ್ಯವಾಗಿ ಜಾಗದ್ದು. ಹಾಗಂತ ಸೂಜಿಯಲ್ಲಿ ಅಪಾಯವೇ ಇಲ್ಲ ಎನ್ನಲಾರೆ. ಒಳಗೆ ರಕ್ತ ಸೋರಬಹುದು, ಶ್ವಾಸಕೋಶಕ್ಕೆ ತಗುಲಿದರೆ ಎದೆಯೊಳಗೆ ಗಾಳಿ ಸೇರಬಹುದು. ಎಲ್ಲಕ್ಕಿಂತ ದೊಡ್ಡದು, ಹೆದರಿ ಒದ್ದಾಡುವ ಮೊಲಕ್ಕೆ ಉಸಿರು ಕಟ್ಟಬಹುದು. ಅದಕ್ಕೇ ಅಲ್ಟ್ರಾಸೌಂಡ್ ಪರದೆ ನೋಡುತ್ತಾ, ಹಗುರವಾದ ಮತ್ತಿನ ಮದ್ದು ಕೊಟ್ಟು, ಆಕ್ಸಿಜನ್ ಹಿಡಿದು ಇದನ್ನು ಮಾಡುತ್ತಾರೆ. ಕೈಅಂದಾಜಿನಲ್ಲಿ ಚುಚ್ಚುತ್ತೇವೆ ಎಂದರೆ ಬೇಡ ಎನ್ನಿ.

ಇಷ್ಟು ಅಪಾಯ ಏಕೆ ತೆಗೆದುಕೊಳ್ಳಬೇಕು ಎಂದರೆ, ಎಕ್ಸ್-ರೇಯಲ್ಲಿ ಕಾಣುವ ಬಿಳಿ ನೆರಳಿಗೆ ಹೆಸರು ಬರೆದಿರುವುದಿಲ್ಲ. ಅದು ಥೈಮೋಮಾ ಆಗಿರಬಹುದು. ಲಿಂಫೋಮಾ ಎಂಬ ಇನ್ನೊಂದು ಕ್ಯಾನ್ಸರ್ ಆಗಿರಬಹುದು, ಅದು ಬೇಗ ಮೈಯೆಲ್ಲ ಹಬ್ಬುತ್ತದೆ, ಅದಕ್ಕೆ ದಾರಿಗಳೂ ಕಡಿಮೆ. ಕೀವಿನ ಗಡ್ಡೆ ಇರಬಹುದು. ಬರೀ ನೀರು ತುಂಬಿದ ಚೀಲ ಇರಬಹುದು. ಚೆನ್ನಾಗಿ ಮೈತುಂಬಿಕೊಂಡ ಮೊಲದಲ್ಲಿ ಹೃದಯದ ಮುಂದೆ ಸೇರಿದ ಕೊಬ್ಬು ಕೂಡ ಗಡ್ಡೆಯಂತೆ ಕಂಡು ಮೋಸ ಮಾಡುವುದುಂಟು. ಗುಂಡನ ಕಣ್ಣು ಉಬ್ಬುತ್ತಿರುವುದರಿಂದ ಅವನದ್ದು ಬರೀ ಕೊಬ್ಬು ಎಂದು ನನಗೆ ಅನ್ನಿಸುವುದಿಲ್ಲ. ಆದರೂ ಸೂಜಿಗಿಂತ ಮೊದಲು ಅಲ್ಟ್ರಾಸೌಂಡ್ ಮಾಡಿಸಿ. ಒಳಗೆ ನೀರಿದೆಯೋ, ಗಟ್ಟಿ ಮಾಂಸ ಇದೆಯೋ ಎಂಬುದು ಅದರಲ್ಲೇ ತಿಳಿಯುತ್ತದೆ. ಮೊಲಕ್ಕೆ ನೋವೂ ಇಲ್ಲ.

ಸೂಜಿಯ ಮಿತಿಯನ್ನೂ ಹೇಳಿಬಿಡುತ್ತೇನೆ. ಥೈಮೋಮಾದ ಒಳಗೂ ಲಿಂಫೋಸೈಟ್ ಎಂಬ ಬಿಳಿ ಕಣಗಳು ರಾಶಿ ಇರುತ್ತವೆ, ಲಿಂಫೋಮಾದಲ್ಲೂ ಅವೇ. ಹಾಗಾಗಿ ಕೆಲವು ಸಲ ವರದಿಯಲ್ಲಿ "ಎರಡರಲ್ಲಿ ಒಂದು" ಎಂದು ಬರುತ್ತದೆ. ಆಗ ಡಾಕ್ಟರನ್ನು ಬೈಯಬೇಡಿ. ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಸೇರಿಸಿ ನೋಡಿ ಅಂದಾಜಿಗೆ ಬರಬೇಕಾಗುತ್ತದೆ.

ಇನ್ನೊಂದು ಮುಖ್ಯ ಮಾತು. ಸೂಜಿ ಪರೀಕ್ಷೆ ಮಾಡಿಸುವ ಮನಸ್ಸಿದ್ದರೆ ಅದಕ್ಕಿಂತ ಮೊದಲು ಸ್ಟೀರಾಯ್ಡ್ ಮಾತ್ರೆ ಶುರು ಮಾಡಬೇಡಿ. ಅದು ಆ ಕಣಗಳನ್ನು ಕರಗಿಸಿ ಪರೀಕ್ಷೆಯನ್ನೇ ಗೊಂದಲ ಮಾಡುತ್ತದೆ. ಉಸಿರು ತೀರಾ ಕಷ್ಟವಾಗಿದ್ದರೆ ಮಾತು ಬೇರೆ, ಆಗ ಜೀವ ಮೊದಲು, ಹೆಸರು ಆಮೇಲೆ.

ದಾರಿಗಳು

ರೇಡಿಯೇಷನ್. ಥೈಮೋಮಾ ಎಂದು ಗೊತ್ತಾಗಿ, ಸೌಲಭ್ಯ ಕೈಗೆಟುಕುವಂತಿದ್ದರೆ ನಾನು ಮೊದಲು ಹೇಳುವುದು ಇದನ್ನೇ. ಈ ಗಡ್ಡೆ ವಿಕಿರಣಕ್ಕೆ ಚೆನ್ನಾಗಿ ಬಗ್ಗುತ್ತದೆ. ಹಲವು ಮೊಲಗಳಲ್ಲಿ ಕೆಲವೇ ದಿನ, ವಾರಗಳಲ್ಲಿ ಗಡ್ಡೆ ಕುಗ್ಗಿ ಉಸಿರು ಹಗುರಾಗುತ್ತದೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೀಗೆ ಚಿಕಿತ್ಸೆ ಪಡೆದ 19 ಮೊಲಗಳನ್ನು ನೋಡಿದ್ದಾರೆ. ಅವುಗಳಲ್ಲಿ ಅರ್ಧದಷ್ಟು 313 ದಿನಕ್ಕಿಂತ ಹೆಚ್ಚು ಬದುಕಿದವು. ಮೊದಲ 14 ದಿನದಲ್ಲೇ ತೀರಿಕೊಂಡ ಮೂರನ್ನು ಬಿಟ್ಟು ಲೆಕ್ಕ ಹಾಕಿದರೆ ಆ ಸಂಖ್ಯೆ 727 ದಿನಕ್ಕೆ ಏರಿತು. ಅಂದರೆ ಮೊದಲ ಎರಡು ವಾರವೇ ಕಡಿದಾದ ಏರು. ಅದನ್ನು ದಾಟಿದ ಮೊಲಕ್ಕೆ ಮುಂದೆ ಒಳ್ಳೆಯ ಕಾಲ ಸಿಗುವ ಸಾಧ್ಯತೆ ಇದೆ. ಎಂಟೂವರೆ ವರ್ಷದ ಮೊಲಕ್ಕೆ ಒಂದು ವರ್ಷ ಎಂದರೆ ಚಿಕ್ಕದೇನಲ್ಲ.

ಇದರ ಕಷ್ಟಗಳು ಏನು? ರೇಡಿಯೇಷನ್ ಯಂತ್ರ ಇರುವ ಪಶು ಆಸ್ಪತ್ರೆಗಳು ಬೆರಳೆಣಿಕೆಯಷ್ಟು. ಖರ್ಚು ಜಾಸ್ತಿ. ಪ್ರತಿ ಸಲವೂ ಅಲುಗದೆ ಮಲಗಬೇಕಾದ್ದರಿಂದ ಅರಿವಳಿಕೆ ಕೊಡಬೇಕು. ಕೆಲವು ಕಡೆ ಚಿಕ್ಕ ಚಿಕ್ಕ ಪ್ರಮಾಣದಲ್ಲಿ ಹಲವು ಸಲ ಕೊಡುತ್ತಾರೆ, ಕೆಲವು ಕಡೆ ದೊಡ್ಡ ಪ್ರಮಾಣದಲ್ಲಿ ಕೆಲವೇ ಸಲ. ವಯಸ್ಸಾದ ಮೊಲಕ್ಕೆ ಎರಡನೆಯ ಬಗೆ ಆಗುತ್ತದೆಯೇ ಎಂದು ಕೇಳಿ ನೋಡಿ. ಕಿರಣ ಬಿದ್ದ ಕಡೆ ಕೂದಲು ಉದುರುತ್ತದೆ, ಅದು ದೊಡ್ಡ ವಿಷಯವಲ್ಲ. ಶ್ವಾಸಕೋಶಕ್ಕೆ, ಹೃದಯಕ್ಕೆ ಹಾನಿಯಾಗುವುದು ಅಪರೂಪ, ಆದರೆ ಆಗಿದ್ದುಂಟು.

ಅರಿವಳಿಕೆಯ ಬಗ್ಗೆ ಜನರಿಗೆ ಇರುವ ಭಯದಲ್ಲಿ ಸತ್ಯ ಇದೆ. ಬ್ರಿಟನ್ನಿನಲ್ಲಿ ನಡೆದ, 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಆರೋಗ್ಯವಂತ ಮೊಲಗಳಲ್ಲಿ ಅರಿವಳಿಕೆಯ ಸಾವು ಸುಮಾರು 137ಕ್ಕೆ ಒಂದು. ಕಾಯಿಲೆ ಬಿದ್ದ ಮೊಲಗಳಲ್ಲಿ ಸುಮಾರು 14ಕ್ಕೆ ಒಂದು. ನಾಯಿ, ಬೆಕ್ಕುಗಳಿಗಿಂತ ಇದು ಜಾಸ್ತಿ. ಮೊಲಗಳಲ್ಲಿ ಕೈ ಪಳಗಿದ ತಂಡ, ಮೊದಲೇ ಆಕ್ಸಿಜನ್, ಮೈ ತಣ್ಣಗಾಗದಂತೆ ಎಚ್ಚರ, ಎದ್ದ ಮೇಲೆ ಬೇಗ ಊಟ, ಇವುಗಳಿಂದ ಅಪಾಯ ತಗ್ಗುತ್ತದೆ. ಯಾರಾದರೂ "ರಾತ್ರಿಯಿಂದ ಉಪವಾಸ ಇಟ್ಟು ಕರೆತನ್ನಿ" ಎಂದರೆ ಮತ್ತೊಮ್ಮೆ ಕೇಳಿ. ಮೊಲ ವಾಂತಿ ಮಾಡುವುದಿಲ್ಲ, ಅದನ್ನು ಹಾಗೆ ಉಪವಾಸ ಇಡಬಾರದು. ಹೊಟ್ಟೆ ಖಾಲಿ ಬಿಟ್ಟರೆ ಕರುಳೇ ನಿಂತುಹೋಗುತ್ತದೆ.

ಆಪರೇಷನ್. ಎದೆಮೂಳೆ ಸೀಳಿ ಗಡ್ಡೆ ತೆಗೆಯುವುದು. ಆಗದ ಕೆಲಸವೇನಲ್ಲ, ಗೆದ್ದ ಮೊಲಗಳಿವೆ. ಆದರೆ ಮೇಜಿನ ಮೇಲೆಯೇ ಅಥವಾ ಮೊದಲ ಕೆಲವು ದಿನಗಳಲ್ಲಿ ಕಳೆದುಕೊಳ್ಳುವ ಅಪಾಯ ತುಂಬಾ ದೊಡ್ಡದು. ಗುಂಡನ ವಯಸ್ಸಿಗೆ ನಾನು ಇದನ್ನು ಸೂಚಿಸುವುದಿಲ್ಲ.

ಮಾತ್ರೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗಡ್ಡೆಯೊಳಗಿನ ಲಿಂಫೋಸೈಟ್ ರಾಶಿಯನ್ನು ಕುಗ್ಗಿಸುತ್ತದೆ. ಗಡ್ಡೆ ಪೂರ್ತಿ ಹೋಗುವುದಿಲ್ಲ, ಆದರೆ ಒತ್ತಡ ಇಳಿಯುತ್ತದೆ. ರೇಡಿಯೇಷನ್ ಸಿಗದ ಅಥವಾ ಬೇಡ ಎನ್ನುವ ಮನೆಗಳಿಗೆ ನಾನು ಕೊಡುವುದು ಇದನ್ನೇ. ಒಂಬತ್ತು ವರ್ಷದ ಒಂದು ಮೊಲ ಇದರಲ್ಲೇ ಏಳು ತಿಂಗಳು ತಿಂದುಂಡು ಆರಾಮವಾಗಿ ಇದ್ದದ್ದನ್ನು ನೋಡಿದ್ದೇನೆ. ಎರಡೇ ವಾರದಲ್ಲಿ ಕೈಬಿಟ್ಟದ್ದನ್ನೂ ನೋಡಿದ್ದೇನೆ. ಯಾವುದಕ್ಕೆ ಹಿಡಿಸುತ್ತದೆ ಎಂಬುದು ಕೊಟ್ಟು ನೋಡಿದರೇ ಗೊತ್ತಾಗುವುದು. ನಿಮ್ಮ ಉಸಿರಿನ ಪುಸ್ತಕ ಆಗ ಕೆಲಸಕ್ಕೆ ಬರುತ್ತದೆ. ನಿಮಿಷಕ್ಕೆ 70 ಇದ್ದದ್ದು ವಾರದಲ್ಲಿ 50ಕ್ಕೆ ಇಳಿದರೆ ಔಷಧ ನಾಟಿದೆ ಎಂದರ್ಥ.

ಮೊಲಗಳಿಗೆ ಸ್ಟೀರಾಯ್ಡ್ ಬೇರೆ ಪ್ರಾಣಿಗಳಿಗಿಂತ ಬಿರುಸು. ರೋಗನಿರೋಧಕ ಶಕ್ತಿ ತಗ್ಗುತ್ತದೆ. ಮೈಯಲ್ಲಿ ಅಡಗಿದ್ದ ಪಾಶ್ಚುರೆಲ್ಲಾದಂಥ ಬ್ಯಾಕ್ಟೀರಿಯಾ ಮೂಗಿನಿಂದ ಸಿಂಬಳ ಸುರಿಸಲು ಶುರು ಮಾಡಬಹುದು. ಮಿದುಳಿಗೆ, ಮೂತ್ರಪಿಂಡಕ್ಕೆ ತೊಂದರೆ ಕೊಡುವ ಎನ್ಸೆಫಾಲಿಟೋಜೂನ್ ಎಂಬ ಪರಾವಲಂಬಿ ಎದ್ದು ತಲೆ ವಾಲಬಹುದು. ಹೊಟ್ಟೆಯಲ್ಲಿ ಹುಣ್ಣಾಗಬಹುದು. ಅದಕ್ಕೇ ಎರಡು ಮಾತು ಗಟ್ಟಿಯಾಗಿ ಹೇಳುತ್ತೇನೆ. ವಯಸ್ಸಾದ ಮೊಲಗಳಿಗೆ ಕೀಲುನೋವಿಗೆ ಮೆಲಾಕ್ಸಿಕಾಂ ಕೊಡುವುದು ರೂಢಿ. ಗುಂಡನಿಗೂ ಕೊಡುತ್ತಿದ್ದರೆ ಡಾಕ್ಟರಿಗೆ ಹೇಳಿ. ಎರಡನ್ನೂ ಒಟ್ಟಿಗೆ ಕೊಡಬಾರದು, ಒಂದು ನಿಲ್ಲಿಸಿ ಇನ್ನೊಂದು ಶುರು ಮಾಡುವ ನಡುವೆ ಬಿಡುವೂ ಬೇಕು. ಇನ್ನು, ವಾರಗಟ್ಟಲೆ ಕೊಟ್ಟ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಬೇಡಿ. ಡಾಕ್ಟರ್ ಹೇಳಿದಂತೆ ನಿಧಾನಕ್ಕೆ ಇಳಿಸಬೇಕು.

ನೀರು ತೆಗೆಯುವುದು. ಅಲ್ಟ್ರಾಸೌಂಡಿನಲ್ಲಿ ಗಡ್ಡೆಯ ಒಳಗೆ ನೀರಿನ ಚೀಲ ಕಂಡರೆ ಸೂಜಿಯಿಂದ ಅದನ್ನು ಎಳೆಯಬಹುದು. ಅರ್ಧ ಗಂಟೆಯಲ್ಲಿ ಉಸಿರು ಸುಧಾರಿಸಿದ್ದನ್ನು ಕಂಡಿದ್ದೇನೆ. ಮತ್ತೆ ತುಂಬಿಕೊಳ್ಳುತ್ತದೆ, ಆಗ ಮತ್ತೆ ತೆಗೆಯಬೇಕು. ಬೇರೆ ಚಿಕಿತ್ಸೆಗೆ ಸಮಯ ಕೊಂಡುಕೊಳ್ಳಲು ಇದು ಒಳ್ಳೆಯ ಉಪಾಯ.

ಏನೂ ಮಾಡದೆ ಆರೈಕೆ ಮಾತ್ರ ಮಾಡುವುದು ಕೂಡ ಒಂದು ದಾರಿ. ಹಾಗೆ ಆರಿಸಿಕೊಂಡವರನ್ನು ಪ್ರೀತಿ ಕಡಿಮೆಯಾದವರು ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಆಸ್ಪತ್ರೆಯ ವಾಸನೆಗೇ ನಡುಗಿ ಎರಡು ದಿನ ಊಟ ಬಿಡುವ ಮೊಲಗಳಿವೆ. ಅಂಥದ್ದನ್ನು ವಾರಕ್ಕೆ ಮೂರು ಸಲ ಕರೆದೊಯ್ಯುವುದು ಸರಿಯೇ ಎಂದು ಯೋಚಿಸಲೇಬೇಕು. ಗುಂಡನ ಸ್ವಭಾವ ನಿಮಗೇ ಚೆನ್ನಾಗಿ ಗೊತ್ತು.

ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಕೈಬಿಡಿ ಎನ್ನುವವರಿಗೆ ನನ್ನ ಉತ್ತರ ಇದು. ಮನೆಯಲ್ಲಿ ಚೆನ್ನಾಗಿ ಸಾಕಿದ ಮೊಲ ಎಂಟರಿಂದ ಹನ್ನೆರಡು ವರ್ಷ ಬದುಕುತ್ತದೆ. ಅವನ ಮೂತ್ರಪಿಂಡ, ಹಲ್ಲು, ಹೃದಯ ಹೇಗಿವೆ ಎಂದು ನೋಡಿ ಮಾತಾಡೋಣ. ಅವು ಚೆನ್ನಾಗಿದ್ದರೆ ವರ್ಷದ ಲೆಕ್ಕ ಅಡ್ಡ ಬರಬೇಕಾಗಿಲ್ಲ.

ಗಡ್ಡೆ ಕರಗಿಸುವ ಬೇರು, ಪುಡಿ, ಎಣ್ಣೆ ಎಂದು ಯಾರಾದರೂ ತಂದುಕೊಟ್ಟರೆ ಬೇಡ ಎನ್ನಿ. ಅದರಿಂದ ಕುಗ್ಗಿದ ಥೈಮೋಮಾ ನಾನು ನೋಡಿಲ್ಲ, ಹೊಟ್ಟೆ ಕೆಟ್ಟ ಮೊಲಗಳನ್ನು ನೋಡಿದ್ದೇನೆ. ಮನೆಯಲ್ಲಿರುವ ಮನುಷ್ಯರ ಮಾತ್ರೆಯನ್ನೂ ಮುರಿದು ಕೊಡಬೇಡಿ. ಅಮಾಕ್ಸಿಸಿಲಿನ್‌ನಂಥ ಮಾಮೂಲಿ ಆಂಟಿಬಯಾಟಿಕ್ ಬಾಯಿಗೆ ಹಾಕಿದರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಪ್ರಾಣಕ್ಕೇ ಕುತ್ತು ಬರುತ್ತದೆ.

ಮನೆಯಲ್ಲಿ ಏನು ಮಾಡಬಹುದು

ಮೊದಲಿಗೆ, ಅವನು ತಲೆ ತಗ್ಗಿಸದಂತೆ ಮಾಡಿ. ಹುಲ್ಲಿನ ಬುಟ್ಟಿಯನ್ನು ಅವನು ಕೂತಾಗ ಮೂಗಿನ ಮಟ್ಟಕ್ಕೆ ಬರುವಂತೆ ಕಟ್ಟಿ. ನೀರಿನ ಬಟ್ಟಲನ್ನು ಅಲುಗಾಡದ ಗಟ್ಟಿ ಹಲಗೆಯ ಮೇಲೆ ನಾಲ್ಕು ಬೆರಳು ಎತ್ತರಕ್ಕೆ ಇಡಿ. ಸೊಪ್ಪನ್ನೂ ನೆಲದ ಮೇಲೆ ಹಾಕದೆ ಎತ್ತರದ ತಟ್ಟೆಯಲ್ಲಿ ಕೊಡಿ. ಇಷ್ಟಕ್ಕೇ ಕಣ್ಣಿನ ಒತ್ತಡ ಎಷ್ಟೋ ತಗ್ಗುತ್ತದೆ. ಕಣ್ಣು ಪೂರ್ತಿ ಮುಚ್ಚದಿದ್ದರೆ ಗುಡ್ಡೆ ಒಣಗಿ ಹುಣ್ಣಾಗುತ್ತದೆ, ತೇವ ಕಾಯುವ ಮುಲಾಮು ಕೇಳಿ ಪಡೆಯಿರಿ.

ಎತ್ತಿಕೊಳ್ಳುವುದನ್ನು ಸಾಧ್ಯವಾದಷ್ಟು ಬಿಟ್ಟುಬಿಡಿ. ಮುದ್ದು ಮಾಡಬೇಕೆನಿಸಿದರೆ ನೀವೇ ನೆಲದ ಮೇಲೆ ಅವನ ಪಕ್ಕ ಮಲಗಿ. ಎತ್ತಲೇಬೇಕಾದರೆ ಎದೆ ಅದುಮದಂತೆ, ಹಿಂಭಾಗಕ್ಕೆ ಪೂರ್ತಿ ಆಸರೆ ಕೊಟ್ಟು, ತಲೆ ಸ್ವಲ್ಪ ಮೇಲೆ ಇರುವಂತೆ ಎತ್ತಿ. ಬೆನ್ನ ಮೇಲೆ ಅಂಗಾತ ಮಲಗಿಸುವುದು ಯಾವ ಮೊಲಕ್ಕೂ ಒಳ್ಳೆಯದಲ್ಲ. ಹಾಗೆ ಮಲಗಿಸಿದಾಗ ಅಲುಗದೆ ಬಿದ್ದಿರುತ್ತದಲ್ಲ, ಅದು ನೆಮ್ಮದಿಯಲ್ಲ, ಭಯದಿಂದ ಮರಗಟ್ಟಿದ್ದು. ಎದೆಯಲ್ಲಿ ಗಡ್ಡೆ ಇರುವ ಮೊಲಕ್ಕಂತೂ ಆ ಭಂಗಿ ಉಸಿರು ನಿಲ್ಲಿಸಬಹುದು. ಉಗುರು ಕತ್ತರಿಸುವುದಿದ್ದರೆ ನೆಲದ ಮೇಲೆ ಕೂತಿದ್ದಂತೆಯೇ, ದಿನಕ್ಕೆ ಒಂದು ಕಾಲು ಸಾಕು.

ಇದನ್ನು ಬರೆಯುವಾಗ ನನಗೆ ಒಂದು ಮೊಲ ನೆನಪಾಗುತ್ತದೆ. ಕೆಲಸಕ್ಕೆ ಸೇರಿದ ಹೊಸದು. ಉಸಿರು ಕಷ್ಟವಾಗಿ ಬಂದಿತ್ತು. ಬೇಗ ಕಾರಣ ಹುಡುಕಬೇಕೆಂಬ ಆತುರದಲ್ಲಿ ನೇರವಾಗಿ ಎಕ್ಸ್-ರೇ ಮೇಜಿಗೆ ಒಯ್ದು ಅಡ್ಡ ಮಲಗಿಸಿದೆ. ಎರಡು ನಿಮಿಷದಲ್ಲಿ ತುಟಿ ನೀಲಿಯಾಯಿತು. ಉಳಿಸಿಕೊಳ್ಳಲಾಗಲಿಲ್ಲ. ಅಂದಿನಿಂದ ಉಸಿರಿಗೆ ಒದ್ದಾಡುವ ಮೊಲ ಬಂದರೆ ಮೊದಲು ಆಕ್ಸಿಜನ್ ಪೆಟ್ಟಿಗೆ, ಕತ್ತಲು, ಮೌನ. ಅರ್ಧ ಗಂಟೆ ಯಾರೂ ಮುಟ್ಟುವುದಿಲ್ಲ. ನಿಮ್ಮ ಆಸ್ಪತ್ರೆಯಲ್ಲೂ ಹಾಗೆ ಮಾಡಿ ಎಂದು ಕೇಳಲು ಸಂಕೋಚ ಪಡಬೇಡಿ.

ತಂಪು ಇನ್ನೊಂದು ವಿಷಯ. ಮೊಲಕ್ಕೆ ಬೆವರಿ ತಣಿಯುವುದು ಬಾರದು, ನಾಯಿಯಂತೆ ಏದುಸಿರಿನಿಂದ ತಣಿಯುವುದೂ ಅಷ್ಟಕ್ಕಷ್ಟೇ. ಮೈಯ ಬಿಸಿ ಬಹುಪಾಲು ಕಿವಿಗಳಿಂದಲೇ ಹೋಗಬೇಕು. 16ರಿಂದ 21 ಡಿಗ್ರಿ ಅದಕ್ಕೆ ಹಿತ. 26 ದಾಟಿದರೆ ಆರೋಗ್ಯವಂತ ಮೊಲಕ್ಕೇ ಕಷ್ಟ, ಗುಂಡನಿಗೆ ಇನ್ನೂ ಕಷ್ಟ. ತಣ್ಣನೆಯ ಕಲ್ಲಿನ ಹಾಸು, ಬಟ್ಟೆ ಸುತ್ತಿದ ಐಸ್ ನೀರಿನ ಬಾಟಲಿ, ಗಾಳಿಯಾಡುವ ಕೋಣೆ ಬೇಕು. ಪ್ರಯಾಣ ಬೆಳಗ್ಗೆ ಬೇಗ ಅಥವಾ ಸಂಜೆ ಮಾಡಿ. ಧೂಳಿಲ್ಲದ ಹುಲ್ಲು ಕೊಡಿ. ಅಗರಬತ್ತಿ, ಸೊಳ್ಳೆಬತ್ತಿ, ಸಿಗರೇಟಿನ ಹೊಗೆ ಆ ಕೋಣೆಗೆ ಬರದಿರಲಿ.

ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ. ತಟ್ಟೆಯಲ್ಲಿ ಸೊಪ್ಪಿಟ್ಟರೆ ಅವನೇ ಬಂದು ಕೂರುತ್ತಾನೆ. ಮೊದಲಿದ್ದ ತೂಕದಲ್ಲಿ ಹತ್ತರಲ್ಲಿ ಒಂದು ಪಾಲು ಇಳಿದರೆ ತೋರಿಸಬೇಕು. ಊಟದ ಬಹುಪಾಲು ಒಣಹುಲ್ಲೇ ಇರಲಿ. ಕಾಯಿಲೆ ಎಂದು ಸಿಹಿ ಹಣ್ಣು ಜಾಸ್ತಿ ಮಾಡಿದರೆ ಹೊಟ್ಟೆ ಕೆಡುತ್ತದೆ. ಹಿಂಭಾಗ ದಿನಾ ನೋಡಿ. ಬಗ್ಗಲು ಆಗದ ಮೊಲ, ಸಹಜವಾಗಿ ತಾನೇ ತಿನ್ನಬೇಕಾದ ಮೆತ್ತನೆಯ ಹಿಕ್ಕೆಯನ್ನು ತಿನ್ನದೆ ಅಲ್ಲೇ ಅಂಟಿಸಿಕೊಳ್ಳುತ್ತದೆ, ನೊಣ ಮೊಟ್ಟೆಯಿಟ್ಟು ಹುಳುವಾಗುತ್ತದೆ. ಮೈಮೇಲೆ ಹೊಟ್ಟಿನಂತೆ ಸಿಪ್ಪೆ ಏಳುವುದು, ಕೆರೆತವಿಲ್ಲದೆ ಕೂದಲು ಉದುರುವುದು ಕಂಡರೆ ಅದನ್ನೂ ಹೇಳಿ. ಥೈಮೋಮಾದ ಜೊತೆ ಬರುವ ಚರ್ಮದ ತೊಂದರೆ ಅದಾಗಿರಬಹುದು, ಬೇರೆ ಕಜ್ಜಿ ಎಂದು ಮದ್ದು ಹಚ್ಚುತ್ತಾ ಕೂರಬೇಡಿ.

ತಡಮಾಡದೆ ಓಡಬೇಕಾದ್ದು ಯಾವಾಗ

ಮೊಲ ಉಸಿರಾಡುವುದು ಮೂಗಿನಿಂದ. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಕತ್ತನ್ನು ಮೇಲಕ್ಕೆ ಚಾಚಿ ಮೂಗಿನ ಹೊಳ್ಳೆ ಅಗಲಿಸುತ್ತಿದ್ದರೆ, ತುಟಿ ಅಥವಾ ನಾಲಿಗೆ ನೀಲಿಯಾದರೆ ಗಳಿಗೆ ಕಾಯಬೇಡಿ. ಹೊರಡುವಾಗಲೇ ಫೋನ್ ಮಾಡಿ ಆಕ್ಸಿಜನ್ ಸಿದ್ಧ ಇರಲಿ ಎನ್ನಿ. ಮಲಗಿದ್ದಾಗಿನ ಉಸಿರು ಅವನ ಮಾಮೂಲಿಗಿಂತ ಒಂದೇ ಸಮನೆ ಏರುತ್ತಿದ್ದರೆ ಅವತ್ತೇ ತೋರಿಸಿ. ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅದೂ ತುರ್ತು. ಉಸಿರು ಜೋರಾಗಿರುವಾಗ ಸಿರಿಂಜಿನಿಂದ ಬಾಯಿಗೆ ಆಹಾರ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಉಸಿರು ಸಮ ಇದ್ದು ಹಸಿವು ಮಾತ್ರ ಕಡಿಮೆಯಾಗಿದ್ದರೆ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕೊಡಬಹುದು, ಅದನ್ನು ಡಾಕ್ಟರ್ ಕೈಯಲ್ಲಿ ಒಮ್ಮೆ ತೋರಿಸಿಕೊಂಡು ಕಲಿಯಿರಿ.

"ಇಂಜೆಕ್ಷನ್ ಕೊಡಿಸಿಬಿಡಿ" ಎಂಬ ಮಾತಿಗೆ ಬರುತ್ತೇನೆ. ಇವತ್ತಿನ ಗುಂಡನಿಗೆ ಅದು ಬೇಡ. ಆದರೆ ಒಂದು ದಿನ ಬೇಕಾಗಬಹುದು, ಆ ದಿನ ಗುರುತಿಸುವುದು ನಿಮಗೆ ಗೊತ್ತಿರಲಿ. ಅವನಿಗೆ ಇಷ್ಟವಾದ ಮೂರು ಕೆಲಸ ಈಗಲೇ ಬರೆದಿಡಿ. ಕಾಲಿಗೆ ಸುತ್ತು ಹಾಕುವುದು, ಪುಟ್ಟಿಯ ಜೊತೆ ಒತ್ತಿಕೊಂಡು ಮಲಗುವುದು, ಇನ್ನೊಂದು ನೀವೇ ಸೇರಿಸಿ. ಅದರಲ್ಲಿ ಎರಡು ನಿಂತುಹೋದರೆ, ಮಲಗಲೂ ಆಗದೆ ಕೂತೇ ಉಸಿರಾಡುತ್ತಿದ್ದರೆ, ಔಷಧ ಹೆಚ್ಚಿಸಿದರೂ ಎಣಿಕೆ ಇಳಿಯದಿದ್ದರೆ, ಸಮಯ ಬಂದಿದೆ. ಉಸಿರು ಕಟ್ಟಿ ಸಾಯುವುದು ತುಂಬಾ ಭಯದ ಸಾವು. ಅದಕ್ಕೆ ಬಿಡುವುದಕ್ಕಿಂತ ಒಂದು ದಿನ ಮೊದಲೇ ಕಳಿಸಿಕೊಡುವುದು ಮೇಲು ಎಂದು ನಾನು ನಂಬಿದ್ದೇನೆ. ಮೊದಲು ಮತ್ತಿನ ಮದ್ದು ಕೊಟ್ಟು, ಪೂರ್ತಿ ನಿದ್ದೆ ಹತ್ತಿದ ಮೇಲೆ ಕೊನೆಯ ಇಂಜೆಕ್ಷನ್ ಕೊಡಲಿ ಎಂದು ಕೇಳಿ. ನೀವು ಪಕ್ಕದಲ್ಲಿರಬಹುದು. ಆಮೇಲೆ ಪುಟ್ಟಿಗೂ ಅವನ ಪಕ್ಕ ಒಂದಿಷ್ಟು ಹೊತ್ತು ಇರಲು ಬಿಡಿ. ಮೂಸಿ, ನೆಕ್ಕಿ, ತಾನಾಗಿಯೇ ದೂರ ಹೋಗುತ್ತಾಳೆ. ಹಾಗೆ ನೋಡಲು ಬಿಟ್ಟ ಮೊಲಗಳು ಜೊತೆಗಾರನನ್ನು ಹುಡುಕುತ್ತಾ ಅಲೆಯುವುದು ಕಡಿಮೆ ಎಂಬುದು ನಾನು ಕಂಡಿದ್ದು.

ಈ ವಾರಕ್ಕೆ ಇಷ್ಟು ಮಾಡಿ. ಮೂರು ದಿನ ಉಸಿರು ಎಣಿಸಿ, ಒಮ್ಮೆ ತೂಕ ನೋಡಿ, ಬಟ್ಟಲು ಎತ್ತರಿಸಿ. ಅಲ್ಟ್ರಾಸೌಂಡಿಗೆ ದಿನ ಗೊತ್ತುಮಾಡಿ. ಪುಸ್ತಕವನ್ನೂ ಕಣ್ಣು ಉಬ್ಬುವಾಗ ತೆಗೆದ ವಿಡಿಯೋವನ್ನೂ ಜೊತೆಗೆ ಒಯ್ಯಿರಿ. ಗುಂಡ ತಾನಾಗಿಯೇ ನಡೆದು ಪೆಟ್ಟಿಗೆಯೊಳಗೆ ಬರುವಂತೆ ಹಿಂದಿನ ದಿನವೇ ಅದನ್ನು ಹುಲ್ಲು ಹಾಕಿ ತೆರೆದಿಡಿ. ಪುಟ್ಟಿಯೂ ಅದೇ ಪೆಟ್ಟಿಗೆಯಲ್ಲಿ ಕೂರಲಿ. ಅಲ್ಟ್ರಾಸೌಂಡಿನ ವರದಿ ಬಂದ ಮೇಲೆ ಅದನ್ನೂ ಉಸಿರಿನ ಲೆಕ್ಕವನ್ನೂ ನನಗೆ ಬರೆಯಿರಿ.